ಹಸಿ ಇರೋ ತನಕ

ಅಪ್ಪನ ಹೆಸರು ಕಾಶೀಮಪ್ಪ.
ಅಲಾಯಿ ಕುಣಿಯ ಮುಂದೆ ಅಜ್ಜಿ ಹರಕೆ ಹೊತ್ತು ಪಡೆದ ಮಗ.
ಹೆಸರು ದೇವರದು, ಕೈ ಮಾತ್ರ ತನ್ನದು.

ರಾಯಚೂರಿನ ತೀನ್ ಕಂದಿಲ್ ಹತ್ತಿರ
ಮುಂಜಾನೆ ಕೆಲಸಕ್ಕೆ ಕಾದು ನಿಂತ ಸಾಲಿನಲ್ಲಿ
ಥಾಪಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡವನು
ಅವನೊಬ್ಬನೇ.
ಸಂಜೆಗೆ ಅದೇ ಟವೆಲಿನಲ್ಲಿ
ನಮಗೆ ಮಂಡಾಳು ಮಿರ್ಚಿ ಬರುತ್ತಿತ್ತು,
ಅದಕ್ಕೊಂದು ಸುಣ್ಣದ ವಾಸನೆ.
ಇವತ್ತಿಗೂ ಬರೀ ಮಿರ್ಚಿ ನನಗೆ ಸಪ್ಪೆ.

ಯಾರ ಮನೆಗೆ ಹೋದರೂ, ಮದುವೆ ಮನೆಯಿರಲಿ, ಸತ್ತ ಮನೆಯಿರಲಿ,
ಮೊದಲು ಗ್ವಾಡಿ ಬಡಿಯುವವನು.
ಬೆರಳ ಗಂಟಿನಿಂದ ಎರಡು ಸಲ,
ಆಮೇಲೆ ಕಿವಿ ಹಚ್ಚುವುದು.
ಒಳಗೆ ಪೊಳ್ಳಿದ್ದರೆ ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.
ಅವ್ವನಿಗೆ ನಾಚಿಕೆ.

ನನ್ನನ್ನು ಕೇಳಿ ಬಂದ ಮಾನ್ವಿಯವರ ಮನೆ ನೋಡಲು ಹೋದೆವು.
ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ ತೊಲೆಯ ಲೆಕ್ಕದಲ್ಲಿದ್ದರು,
ಅಪ್ಪ ಎದ್ದು ಹಿತ್ತಲಿಗೆ ಹೋದ.
ತಿರುಗಿ ಬಂದವನು ಕೂಡಲಿಲ್ಲ, ಚಪ್ಪಲಿ ಮೆಟ್ಟಿದ.
ಬಸ್ಸಿನಲ್ಲಿ ಕಲ್ಲೂರಿನ ತನಕ ಅವ್ವ ಬೈದಳು.
ಕಲ್ಲೂರು ದಾಟಿದ ಮೇಲೆ ಒಂದೇ ಮಾತು ಅಂದ:
"ಎರಡಂತಸ್ತಿನ ಮನಿ. ಬಚ್ಚಲಕ್ಕ ಗೋಣಿಚೀಲ.
ಹೆಣಮಗಳು ಮೈ ತೊಳಕೊಳ್ಳಾಕ ಒಂದು ಬಾಗಲಿಲ್ಲ."

ಸಿಯಾತಲಾಬಿನ ನಮ್ಮ ಇಪ್ಪತ್ತು ಮೂವತ್ತರ ಜಾಗದಲ್ಲಿ
ಮೊದಲು ಎದ್ದದ್ದು ಬಚ್ಚಲು.
ಎರಡು ವರ್ಷ ಬಚ್ಚಲಿಗೆ ಸ್ಲ್ಯಾಬು,
ನಮ್ಮ ತಲೆಗೆ ತಗಡು.
ನೀರು ಬಾರದ ದಿನವೂ ಅವ್ವ ಒಳಗೆ ಹೋಗಿ
ಚಿಲಕ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದಳು.
ಅಪ್ಪ ಹೊರಗೆ ನಮ್ಮನ್ನು ಗದರುತ್ತಿದ್ದ,
"ಕೂಗಬ್ಯಾಡ್ರಿ, ಕುಂದ್ರಲಿ."

ಕಡೆಕಡೆಗೆ ರೇಷನ್ ಅಂಗಡಿಯ ಮಷಿನು
ಅವನ ಹೆಬ್ಬೆಟ್ಟು ಒಪ್ಪಲಿಲ್ಲ.
ಒರೆಸಿ ಇಟ್ಟ, ಎಣ್ಣೆ ಹಚ್ಚಿ ಇಟ್ಟ,
ಎಡಗೈ, ಬಲಗೈ, ಹತ್ತೂ ಬೆರಳು.
"ನೀನು ನೀನಲ್ಲ ಅಂತೈತಿ ಯಜಮಾನಾ" ಅಂದ ಹುಡುಗ.
"ಶಕ್ತಿನಗರದ ಕ್ವಾಟ್ರಸ್‌ನ್ಯಾಗ ಅದಾವಪಾ ನನ್ನ ಗೆರಿ,
ಹೋಗಿ ಕೇಳು ಅನ್ನು ಅದಕ್ಕ" ಅಂದು ನಕ್ಕ.
ಮನೆಗೆ ಬಂದು ಬಹಳ ಹೊತ್ತು
ಬೆರಳನ್ನು ದೀಪಕ್ಕೆ ಹಿಡಿದು ನೋಡಿಕೊಂಡ.
ಅವತ್ತಿನಿಂದ ಅಕ್ಕಿ ಬಂದದ್ದು ಅವ್ವನ ಹೆಬ್ಬೆಟ್ಟಿನಿಂದ.

ಪರಂಚಿಯಿಂದ ಬೀಳಲಿಲ್ಲ.
ಗ್ವಾಡಿ ಮೈಮೇಲೆ ಬರಲಿಲ್ಲ.
ಮೇ ತಿಂಗಳು, ರಾತ್ರಿ ಹನ್ನೊಂದಾದರೂ ನೆಲ ಕಾದ ಹಂಚು.
ಮಾಳಿಗೆಗೆ ನೀರು ಚಿಮುಕಿಸಿ, ಚಾಪೆ ಹಾಸಿ,
ನನ್ನ ಮಗಳಿಗೆ ಚಿಕ್ಕಿ ತೋರಿಸುತ್ತಿದ್ದವನು
ಒಂದು ಚಿಕ್ಕಿಗೂ ಇನ್ನೊಂದಕ್ಕೂ ನಡುವೆ ಸುಮ್ಮನಾದ.
ಅವಳಿನ್ನೂ ಎಣಿಸುತ್ತಲೇ ಇದ್ದಳು.

ಮಣ್ಣು ಮಾಡಿದ ಮೇಲೆ ಕಟ್ಟೆ ಕಟ್ಟಿದವನು
ಅವನ ಕೈಯಲ್ಲೇ ಕೆಲಸ ಕಲಿತ ಲಾಲಸಾಬ.
ಮಾಲು ಕಲಸುತ್ತ ಅತ್ತ.
ನೀರು ಹೆಚ್ಚಾತಲೇ ಅಂತ ಬೈಯಲು
ಯಾರೂ ಇರಲಿಲ್ಲ.

ಮರುದಿನದಿಂದ ಅವ್ವ ಕೊಡ ಹೊತ್ತಳು.
ಮುಂಜಾನೆ ಒಂದು, ಸಂಜೆಗೆ ಒಂದು.
ಗೋಣಿಚೀಲ ಹಾಸಿ ನೆನೆಸಿದಳು, ತಾಸಿಗೊಮ್ಮೆ ಮುಟ್ಟಿ ನೋಡಿದಳು.
ಇದ್ಯಾವ ಶಾಸ್ತ್ರ ನಿಮ್ಮಲ್ಲಿ, ಅಂತ ಜನ ಕೇಳಿದರು.
ಒಬ್ಬಾಕೆ ಊದಿನಕಡ್ಡಿ ತಂದಳು,
ಇನ್ನೊಬ್ಬಾಕೆ ದೂರದಿಂದಲೇ ಕೈ ಮುಗಿದಳು.
ಅವ್ವ ಯಾರಿಗೂ ಹೇಳಲಿಲ್ಲ.
ನನಗೆ ಅಂದಳು, ಸಿಂಬಿ ಸರಿ ಮಾಡಿಕೊಳ್ಳುತ್ತ,
"ಸಿಮೆಂಟ ಇನ್ನಾ ಹಸಿ ಐತಿ.
ಬಿಸಲಿಗೆ ಬಿರುಕು ಬಿಟ್ರ ಅಂವ ಸುಮ್ಮನಿರಾಂಗಿಲ್ಲ."

ಇಪ್ಪತ್ತೊಂದನೆಯ ದಿನ
ಮೊಣಕಾಲೂರಿ ಬಗ್ಗಿ,
ಬೆರಳ ಗಂಟಿನಿಂದ ಎರಡು ಸಲ ಬಡಿದಳು.
ಕಿವಿ ಹಚ್ಚಿದಳು.

ಆಮೇಲೆ ಗೋಣಿಚೀಲ ಹಿಂಡಿ, ಮಡಚಿ,
ಖಾಲಿ ಕೊಡದಲ್ಲಿ ತುರುಕಿಕೊಂಡು
ಮನೆಯ ಕಡೆ ನಡೆದಳು.